ಫಲಿತಾಂಶ ಬಂದ ಮೇಲೆ: ಕರಾವಳಿಯಲ್ಲಿ ಉಳಿದುಹೋದ ಮಕ್ಕಳಿಗೆ ಸಿಗುವ ದಿನಗಳೆಷ್ಟು?

2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ದಕ್ಷಿಣ ಕನ್ನಡ ಶೇ. 91.12ರೊಂದಿಗೆ ರಾಜ್ಯಕ್ಕೆ ಮೊದಲು ಬಂತು, ಉಡುಪಿ ಶೇ. 89.96ರೊಂದಿಗೆ ಎರಡನೆಯದು. ಅದರ ಹಿಂದಿನ ವರ್ಷ ಉಡುಪಿ ಮುಂದೆ, ದಕ್ಷಿಣ ಕನ್ನಡ ಹಿಂದೆ. ದ್ವಿತೀಯ ಪಿಯುಸಿಯಲ್ಲೂ ಹಾಗೆಯೇ: 2025ರಲ್ಲಿ ಉಡುಪಿ ಶೇ. 93.90, ದಕ್ಷಿಣ ಕನ್ನಡ ಶೇ. 93.57. ಮೊದಲ ಎರಡು ಸ್ಥಾನಗಳಲ್ಲಿ ಈ ಎರಡು ಜಿಲ್ಲೆಗಳು ಒಂದನ್ನೊಂದು ಹಿಂದಿಕ್ಕುವುದೇ ಹೆಚ್ಚಿನ ವರ್ಷಗಳ ಸುದ್ದಿ.

ಈ ಅಂಕಿಗಳ ಇನ್ನೊಂದು ಮಗ್ಗುಲನ್ನು ನೋಡಬೇಕು. ಅದೇ ವರ್ಷ ರಾಜ್ಯದ ಒಟ್ಟು ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ. 66.14. ಅಂದರೆ ಇಡೀ ರಾಜ್ಯದಲ್ಲಿ ಮೂವರಲ್ಲಿ ಒಬ್ಬರು ಫೇಲಾಗಿ ಉಳಿದರು. ಕಲಬುರಗಿಯಲ್ಲಂತೂ ಅರ್ಧಕ್ಕಿಂತ ಹೆಚ್ಚು ಮಕ್ಕಳು. ಅಲ್ಲಿ ಫೇಲಾದ ಹುಡುಗನಿಗೆ ಪಕ್ಕದ ಮನೆಯಲ್ಲೇ ಜೊತೆ ಸಿಗುತ್ತದೆ. ಮಂಗಳೂರಿನ ಒಂದು ತರಗತಿಯಲ್ಲಿ ನಲವತ್ತು ಮಕ್ಕಳಿದ್ದರೆ ಉಳಿಯುವವರು ಮೂವರೋ ನಾಲ್ವರೋ. ಅವರು ಒಬ್ಬರಿಗೊಬ್ಬರು ಸ್ನೇಹಿತರೂ ಆಗಿರಬೇಕೆಂದಿಲ್ಲ. ಅದೂ ಅಲ್ಲದೆ ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವುದು ಮೇ ತಿಂಗಳಲ್ಲಿ: ಮದುವೆ, ಗೃಹಪ್ರವೇಶ, ನೇಮ, ಬ್ರಹ್ಮಕಲಶ ಎಲ್ಲವೂ ಒಟ್ಟಿಗೆ ಇರುವ ಹೊತ್ತು. ಮುಂಬೈಯ ಚಿಕ್ಕಪ್ಪ, ಗಲ್ಫಿನ ಮಾವ ಊರಲ್ಲೇ ಇರುತ್ತಾರೆ. ಊಟದ ಪಂಕ್ತಿಯಲ್ಲಿ ‘ಏತ್ ಬತ್ತ್‌ಂಡ್?’ (ಎಷ್ಟು ಬಂತು?) ಎಂಬ ತುಳು ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಜಾಗವೇ ಇಲ್ಲ. ನೂರರಲ್ಲಿ ತೊಂಬತ್ತೊಂದು ಪಾಸಾಗುವ ಊರಿನಲ್ಲಿ ಉಳಿದ ಒಂಬತ್ತು ಮಂದಿಯ ಒಂಟಿತನ ಹೆಚ್ಚು, ಅವರಿಗೆಂದು ಇರುವ ವ್ಯವಸ್ಥೆ ಕಡಿಮೆ. ಸನ್ಮಾನದ ಪಟ್ಟಿ ಫಲಿತಾಂಶದ ಸಂಜೆಗೇ ಸಿದ್ಧವಾಗುತ್ತದೆ. ಉಳಿದವರ ಮನೆಗೆ ಹೋಗಬೇಕಾದ ಫೋನ್ ಕರೆಗಳ ಪಟ್ಟಿಯನ್ನು ಹೆಚ್ಚಿನ ಶಾಲೆಗಳು ಮಾಡಿಯೇ ಇರುವುದಿಲ್ಲ.

ಕಡಿಮೆ ಅಂಕಕ್ಕಿಂತ ದೊಡ್ಡ ನಷ್ಟ ಆಗುವುದು ಆ ಮೊದಲ ಹತ್ತು ದಿನಗಳಲ್ಲಿ. ಉತ್ತರಪತ್ರಿಕೆಯ ಪ್ರತಿಗೆ ಅರ್ಜಿ, ಮುಂದಿನ ಪರೀಕ್ಷೆಗೆ ನೋಂದಣಿ, ಪ್ರಮಾಣಪತ್ರ, ಸೀಟು, ಶುಲ್ಕ, ಪ್ರತಿಯೊಂದಕ್ಕೂ ಒಂದು ದಿನಾಂಕವಿದೆ, ಒಂದಕ್ಕೊಂದು ಸಂಬಂಧವೂ ಇದೆ. ಮನೆಯವರು ಅತ್ತು, ಬೈದು, ದೇವಸ್ಥಾನಕ್ಕೆ ಹೋಗಿ ಬರುವಷ್ಟರಲ್ಲಿ ಮೊದಲ ದಿನಾಂಕ ದಾಟಿರುತ್ತದೆ.

ಮೊದಲ ಎರಡು ದಿನ

ಮೊದಲು ಮಗು, ಆಮೇಲೆ ಕಾಗದ. ಫಲಿತಾಂಶ ಬಂದ ದಿನ ಮತ್ತು ಮರುದಿನ ಮಗುವನ್ನು ಮನೆಯಲ್ಲಿ ಒಂಟಿಯಾಗಿ ಬಿಡಬಾರದು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಾದರೆ ಒಬ್ಬರು ರಜೆ ಹಾಕಬೇಕು, ಇಲ್ಲವೇ ಮಗುವಿಗೆ ಹತ್ತಿರದ ಅಕ್ಕನೋ ದೊಡ್ಡಮ್ಮನೋ ಜೊತೆಗಿರಬೇಕು. ಜೊತೆಗಿರುವುದೆಂದರೆ ಬುದ್ಧಿ ಹೇಳುತ್ತ ಕೂರುವುದಲ್ಲ. ಹೊತ್ತಿಗೆ ಊಟ, ರಾತ್ರಿ ನಿದ್ದೆ, ಕೋಣೆಯ ಚಿಲಕ ಹಾಕದೆ ಬಾಗಿಲು ಬರೀ ಎಳೆದುಕೊಂಡರೆ ಸಾಕು ಎಂಬ ಒಂದು ಸಣ್ಣ ಕೋರಿಕೆ, ಇಷ್ಟು ಸಾಕು. ಬಂಧುಗಳ ಪ್ರಶ್ನೆಗೆ ಉತ್ತರ ಕೊಡುವ ಕೆಲಸವನ್ನು ಹೆತ್ತವರು ತಾವೇ ವಹಿಸಿಕೊಳ್ಳಬೇಕು. ‘ಒಂದು ವಿಷಯ ಬಾಕಿ ಇದೆ, ಈ ತಿಂಗಳಲ್ಲೇ ಬರೆಯುತ್ತಾನೆ’ ಎಂಬ ಒಂದೇ ವಾಕ್ಯವನ್ನು ಮನೆಯ ಎಲ್ಲರೂ ಹೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಕೆಲವು ಸೂಚನೆಗಳನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ‘ನಾನಿಲ್ಲದಿದ್ದರೆ ನಿಮಗೆ ಒಳ್ಳೆಯದು’ ಎಂಬ ಮಾತು, ತನ್ನ ಇಷ್ಟದ ವಸ್ತುಗಳನ್ನು ಇತರರಿಗೆ ಕೊಟ್ಟುಬಿಡುವುದು, ಎರಡು ರಾತ್ರಿ ನಿದ್ದೆಯೇ ಇಲ್ಲದಿರುವುದು, ಬಹಳ ಅತ್ತ ಮೇಲೆ ಇದ್ದಕ್ಕಿದ್ದಂತೆ ತೀರಾ ಶಾಂತವಾಗಿಬಿಡುವುದು. ಇವುಗಳಲ್ಲಿ ಒಂದು ಕಂಡರೂ ನೇರವಾಗಿ ಕೇಳಬೇಕು: ‘ಸಾಯಬೇಕು ಅಂತ ಅನ್ನಿಸುತ್ತಿದೆಯಾ?’ ಕೇಳಿದರೆ ಆ ಯೋಚನೆ ತಲೆಗೆ ಬಂದುಬಿಡುತ್ತದೆ ಎಂಬ ಭಯ ಹಲವರಿಗಿದೆ. ಅದು ಹಾಗಲ್ಲ; ಕೇಳಿದಾಗ ಮಗುವಿಗೆ ಹೇಳಿಕೊಳ್ಳಲು ದಾರಿ ಸಿಗುತ್ತದೆ. ‘ಹೌದು’ ಎಂದರೆ ಬೈಗುಳವೂ ಬೇಡ, ಆಣೆ ಹಾಕಿಸುವುದೂ ಬೇಡ. ಅಪಾಯ ಮಾಡಬಲ್ಲ ವಸ್ತುಗಳನ್ನು ಕೈಗೆ ಸಿಗದಂತೆ ಇಟ್ಟು, ಜೊತೆಗೇ ಇದ್ದು, ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಬೇಕು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆ ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತನಾಡಬಹುದು. ಮಕ್ಕಳ ಸಹಾಯವಾಣಿ 1098. ತುರ್ತಿಗೆ 112. ನೇರವಾಗಿ ವೈದ್ಯರನ್ನು ಕಾಣಬೇಕೆಂದರೆ ಮಂಗಳೂರಿನಲ್ಲಿ ವೆನ್ಲಾಕ್ ಆಸ್ಪತ್ರೆ, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ ಇವೆ. ಮನೋವೈದ್ಯರ ಬಳಿ ಹೋದರೆ ಮದುವೆಯ ಹೊತ್ತಿಗೆ ತೊಂದರೆ ಎಂದು ಹಿಂಜರಿಯುವ ಮನೆಗಳು ಇನ್ನೂ ಇವೆ. ಜ್ವರ ನೂರನಾಲ್ಕು ಏರಿದಾಗ ಯಾರೂ ಹಾಗೆ ಯೋಚಿಸುವುದಿಲ್ಲ.

ಉಳಿದದ್ದು ಒಂದು ವಿಷಯವೋ, ಎರಡೋ?

ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ 2024ರಿಂದ ‘ಪೂರಕ ಪರೀಕ್ಷೆ’ ಎಂಬ ಹೆಸರನ್ನೇ ತೆಗೆದುಹಾಕಿತು. ಪರೀಕ್ಷೆ-1, ಪರೀಕ್ಷೆ-2 ಎಂದು ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಬರೆಯಬಹುದು. ಯಾವುದರಲ್ಲಿ ಹೆಚ್ಚು ಅಂಕ ಬಂತೋ ಅದು ಉಳಿಯುತ್ತದೆ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಕೂರಬಹುದು. 2024 ಮತ್ತು 2025ರಲ್ಲಿ ಮೂರು ಪರೀಕ್ಷೆಗಳು ನಡೆದವು. ಆದರೆ ಮೂರನೆಯದನ್ನು ನಂಬಿ ಎರಡನೆಯದನ್ನು ಬಿಡಬಾರದು. ಆ ವರ್ಷದ ಸುತ್ತೋಲೆಯಲ್ಲಿ ಅದು ಇದೆಯೇ ಎಂದು ನೋಡಬೇಕು. ಇದ್ದರೂ ಅದರ ಫಲಿತಾಂಶ ಬರುವ ಹೊತ್ತಿಗೆ ಕಾಲೇಜುಗಳಲ್ಲಿ ಒಳ್ಳೆಯ ಸೀಟುಗಳು ತುಂಬಿರುತ್ತವೆ.

ಸಮಯ ಎಷ್ಟು ಕಡಿಮೆ ಎಂಬುದಕ್ಕೆ 2025ರ ಲೆಕ್ಕ ನೋಡಿ. ದ್ವಿತೀಯ ಪಿಯುಸಿ ಪರೀಕ್ಷೆ-1ರ ಫಲಿತಾಂಶ ಬಂದದ್ದು ಏಪ್ರಿಲ್ 8ಕ್ಕೆ, ಪರೀಕ್ಷೆ-2 ಶುರುವಾದದ್ದು ಏಪ್ರಿಲ್ 24ಕ್ಕೆ: 16 ದಿನ. ನಡುವೆ ಏಪ್ರಿಲ್ 16, 17ರಂದು ಸಿಇಟಿ. ಎಸ್ಸೆಸ್ಸೆಲ್ಸಿಗೆ ಮೇ 2ರ ಫಲಿತಾಂಶ, ಮೇ 26ರ ಪರೀಕ್ಷೆ: 24 ದಿನ. ಆ 24 ದಿನವೂ ಶಾಲೆಗೆ ಬೇಸಿಗೆ ರಜೆ. ಫೇಲಾದ ಮಗುವಿಗೆ ಶಿಕ್ಷಕರು ಹೆಚ್ಚು ಬೇಕಾದ ಹೊತ್ತಿನಲ್ಲೇ ಶಾಲೆಯ ಬಾಗಿಲು ಮುಚ್ಚಿರುತ್ತದೆ. ಈ ವ್ಯವಸ್ಥೆಯ ದೊಡ್ಡ ಕುಂದು ಇದೇ. ವಿಶೇಷ ತರಗತಿ ನಡೆಸಬೇಕೆಂಬ ಸೂಚನೆ ಇದ್ದರೂ ಅದು ನಡೆಯುವುದು ಮುಖ್ಯೋಪಾಧ್ಯಾಯರ ಮನಸ್ಸಿನ ಮೇಲೆ. ಹೆತ್ತವರು ಮೊದಲ ದಿನವೇ ಶಾಲೆಗೆ ಫೋನ್ ಮಾಡಿ ‘ಗಣಿತಕ್ಕೆ ಯಾರು ಸಿಗುತ್ತಾರೆ, ಯಾವ ದಿನ’ ಎಂದು ಕೇಳಬೇಕು. ಇಬ್ಬರು ಮೂವರು ಹೆತ್ತವರು ಸೇರಿ ಕೇಳಿದರೆ ಇಲ್ಲ ಎನ್ನುವುದು ಕಷ್ಟ.

ಇಲ್ಲಿ ಎರಡು ಕೆಲಸಗಳನ್ನು ಒಟ್ಟಿಗೆ ಮಾಡಬೇಕು, ಹೆಚ್ಚಿನವರು ಒಂದರ ನಂತರ ಒಂದು ಮಾಡಿ ಸೋಲುತ್ತಾರೆ. ಮೊದಲನೆಯದು ಪರೀಕ್ಷೆ-2ಕ್ಕೆ ನೋಂದಣಿ, ಶಾಲೆ ಅಥವಾ ಕಾಲೇಜಿನ ಮೂಲಕ. ಎರಡನೆಯದು ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಅರ್ಜಿ, ಮಂಡಳಿಯ ಜಾಲತಾಣದಲ್ಲಿ. ‘ಮರುಮೌಲ್ಯಮಾಪನಕ್ಕೆ ಹಾಕಿದ್ದೇವೆ, ಹೇಗೂ ಪಾಸಾಗುತ್ತದೆ’ ಎಂದು ನೋಂದಣಿ ಬಿಟ್ಟವರಿಗೆ ಮರುಮೌಲ್ಯಮಾಪನದ ಫಲಿತಾಂಶ ಬರುವಷ್ಟರಲ್ಲಿ ಪರೀಕ್ಷೆ-2 ಮುಗಿದಿರಬಹುದು. ನೋಂದಾಯಿಸಿಕೊಂಡವರು ಕಳೆದುಕೊಳ್ಳುವುದು ಏನೂ ಇಲ್ಲ.

ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕಲು ಸಾಮಾನ್ಯವಾಗಿ ಐದಾರು ದಿನ ಮಾತ್ರ ಕೊಡುತ್ತಾರೆ. ದ್ವಿತೀಯ ಪಿಯುಸಿಗೆ ಇತ್ತೀಚಿನ ವರ್ಷಗಳಲ್ಲಿ ಒಂದು ವಿಷಯದ ಪ್ರತಿಗೆ 530 ರೂಪಾಯಿ, ಮರುಮೌಲ್ಯಮಾಪನಕ್ಕೆ ಒಂದು ವಿಷಯಕ್ಕೆ 1,670 ರೂಪಾಯಿ, ಮರುಎಣಿಕೆಗೆ ಶುಲ್ಕವಿಲ್ಲ. ಪ್ರತಿ ತೆಗೆದುಕೊಳ್ಳದವರು ಮರುಮೌಲ್ಯಮಾಪನಕ್ಕೆ ಹಾಕುವಂತಿಲ್ಲ. ಆದ್ದರಿಂದ ಮನಸ್ಸು ಗಟ್ಟಿಯಾಗದಿದ್ದರೂ, ಅನುಮಾನ ಇರುವ ವಿಷಯದ ಪ್ರತಿಗೆ ಮೊದಲು 530 ಕಟ್ಟಿಬಿಡುವುದು ಲೇಸು. 1,670 ಕಟ್ಟಬೇಕೇ ಎಂಬುದನ್ನು ಪ್ರತಿ ನೋಡಿದ ಮೇಲೆ ಯೋಚಿಸಬಹುದು.

ಪ್ರತಿ ಕೈಗೆ ಬಂದಾಗ ಮೊದಲ ಪುಟದಿಂದಲೇ ನೋಡುತ್ತ ಹೋಗಿ. ನೋಂದಣಿ ಸಂಖ್ಯೆ, ಅಕ್ಷರ ನಿಮ್ಮದೇ ತಾನೇ? ಎಲ್ಲ ಪುಟಗಳೂ ಇವೆಯೇ, ಹೆಚ್ಚುವರಿ ಹಾಳೆ ಸೇರಿದೆಯೇ? ಒಳಗಿನ ಪುಟಗಳಲ್ಲಿ ಕೊಟ್ಟ ಅಂಕಗಳು ಮುಖಪುಟದ ಕೋಷ್ಟಕಕ್ಕೆ ಸರಿಯಾಗಿ ಬಂದಿವೆಯೇ? ಒಟ್ಟು ಕೂಡಿಸಿದ್ದು ಸರಿಯೇ? ಇವುಗಳಲ್ಲಿ ತಪ್ಪಿದ್ದರೆ ಶುಲ್ಕವಿಲ್ಲದ ಮರುಎಣಿಕೆಯೇ ಸಾಕು. ಆಮೇಲೆ ಮಂಡಳಿ ಪ್ರಕಟಿಸುವ ಮಾದರಿ ಉತ್ತರಗಳನ್ನು ಪಕ್ಕದಲ್ಲಿಟ್ಟುಕೊಂಡು ಪ್ರಶ್ನೆವಾರು ನೋಡಿ. ಯಾವುದಾದರೂ ಉತ್ತರಕ್ಕೆ ಟಿಕ್ಕೂ ಇಲ್ಲ, ಅಂಕವೂ ಇಲ್ಲ ಎಂದಿದ್ದರೆ ಅದು ಗಟ್ಟಿ ಕಾರಣ. ಗಣಿತ, ಭೌತಶಾಸ್ತ್ರ, ಲೆಕ್ಕಶಾಸ್ತ್ರಗಳಲ್ಲಿ ಕೊನೆಯ ಉತ್ತರ ತಪ್ಪಾಗಿದ್ದರೂ ಹಂತಗಳಿಗೆ ಅಂಕ ಸಿಗಬೇಕು. ಹಂತಗಳಿಗೆ ಸೊನ್ನೆ ಬಿದ್ದಿದ್ದರೆ ಅದೂ ಕಾರಣವೇ. ಭಾಷೆಯ ಪ್ರಬಂಧಕ್ಕೆ 4ರ ಬದಲು 3 ಕೊಟ್ಟಿದ್ದಾರೆ ಎಂಬಂಥ ದೂರಿನಲ್ಲಿ ಹೆಚ್ಚೇನೂ ದಕ್ಕುವುದಿಲ್ಲ. ವಿಷಯದ ಉಪನ್ಯಾಸಕರೊಬ್ಬರಿಗೆ ತೋರಿಸಿ, ‘ಎಷ್ಟು ಏರಬಹುದು’ ಎಂದು ಒಂದು ಸಂಖ್ಯೆ ಕೇಳಿ. ಮರುಮೌಲ್ಯಮಾಪನದಲ್ಲಿ ಅಂಕ ಇಳಿಯಲೂಬಹುದು ಎಂಬುದನ್ನು ಮರೆಯಬೇಡಿ.

ಓದಿನ ವಿಷಯಕ್ಕೆ ಬಂದರೆ, 16 ಅಥವಾ 24 ದಿನದಲ್ಲಿ ಇಡೀ ಪುಸ್ತಕ ಮತ್ತೆ ಓದುವ ಯೋಜನೆ ಸೋಲುತ್ತದೆ. ಸ್ಕ್ಯಾನ್ ಪ್ರತಿಯೇ ಇಲ್ಲಿ ಅತ್ಯುತ್ತಮ ಪಠ್ಯ: ಎಲ್ಲಿ ಬರೆದೇ ಇಲ್ಲ, ಎಲ್ಲಿ ಅರ್ಧ ಬರೆದು ಬಿಟ್ಟಿದ್ದೇನೆ ಎಂಬುದು ಅದರಲ್ಲೇ ಕಾಣುತ್ತದೆ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ರೇಖಾತ್ಮಕ ಸಮೀಕರಣಗಳ ನಕ್ಷೆ, ಥೇಲ್ಸ್ ಪ್ರಮೇಯ, ಸಂಖ್ಯಾಶಾಸ್ತ್ರದ ಸರಾಸರಿ-ಮಧ್ಯಾಂಕ-ಬಹುಲಕ, ಸಮಾಂತರ ಶ್ರೇಢಿಯ ನೇರ ಸೂತ್ರದ ಲೆಕ್ಕಗಳು ಕೈಗೆಟುಕುವ ಅಂಕಗಳು. ವಿಜ್ಞಾನದಲ್ಲಿ ಮಸೂರ ಮತ್ತು ದರ್ಪಣದ ಕಿರಣ ಚಿತ್ರಗಳು, ಹೃದಯ, ನೆಫ್ರಾನ್, ನರಕೋಶದ ಚಿತ್ರಗಳು, ರಾಸಾಯನಿಕ ಸಮೀಕರಣ ಸರಿದೂಗಿಸುವುದು. ಚಿತ್ರವನ್ನು ನೋಡಿ ನೆನಪಿಟ್ಟುಕೊಳ್ಳುವುದಕ್ಕೂ ಪೆನ್ಸಿಲ್ ಹಿಡಿದು ಹತ್ತು ಸಲ ಬರೆಯುವುದಕ್ಕೂ ವ್ಯತ್ಯಾಸವಿದೆ. ಫೇಲಾದವರಲ್ಲಿ ಹಲವರು ಮೊದಲನೆಯದನ್ನಷ್ಟೇ ಮಾಡಿರುತ್ತಾರೆ. ಕನ್ನಡದಲ್ಲಿ ಗಾದೆ ವಿಸ್ತರಣೆ, ಪತ್ರ, ಕಂಠಪಾಠದ ಪದ್ಯ. ಇಂಗ್ಲಿಷಿನಲ್ಲಿ ಪತ್ರ, ವ್ಯಕ್ತಿಪರಿಚಯ, ಪದ್ಯದ ಸಾಲುಗಳು. ದಿನಕ್ಕೊಂದು ಹಳೆಯ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಬರೆಯಬೇಕು. ಮೂರು ಗಂಟೆ ಕೂತು ಬರೆಯುವ ಅಭ್ಯಾಸ ತಪ್ಪಿದ್ದೇ ಕೆಲವರ ಫೇಲಿಗೆ ಕಾರಣ.

ಪಾಸಿನ ಗೆರೆ ಬೇರೆ, ಅರ್ಹತೆಯ ಗೆರೆ ಬೇರೆ

2025ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಉತ್ತೀರ್ಣತೆಯ ಮಟ್ಟವನ್ನು ಇಳಿಸಿತು. ಒಟ್ಟು ಶೇ. 33 ಬಂದು, ಪ್ರತಿ ವಿಷಯದಲ್ಲಿ ಕನಿಷ್ಠ ಶೇ. 30 ಇದ್ದರೆ ಸಾಕು: ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 206, ಪಿಯುಸಿಯಲ್ಲಿ 600ಕ್ಕೆ 198. ಒಂದೆರಡು ಅಂಕಕ್ಕೆ ವರ್ಷ ಕಳೆದುಕೊಳ್ಳುತ್ತಿದ್ದ ಮಕ್ಕಳಿಗೆ ಇದು ನಿಜವಾಗಿ ಉಪಕಾರ. ಆದರೆ ಮುಂದಿನ ಕೋರ್ಸುಗಳ ಅರ್ಹತೆಯ ಗೆರೆ ಇದರ ಜೊತೆ ತಾನಾಗಿ ಇಳಿಯುವುದಿಲ್ಲ. ಸಿಇಟಿ ಮೂಲಕ ಎಂಜಿನಿಯರಿಂಗ್ ಸೀಟಿಗೆ ಭೌತಶಾಸ್ತ್ರ, ಗಣಿತ ಮತ್ತು ಮೂರನೆಯ ಐಚ್ಛಿಕ ವಿಷಯ ಸೇರಿ ಶೇ. 45 ಬೇಕು, ಅಂದರೆ 300ಕ್ಕೆ 135. ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳಿಗೆ ಶೇ. 40, ಅಂದರೆ 120. ನೀಟ್ ಮೂಲಕ ವೈದ್ಯಕೀಯಕ್ಕೆ ಸಾಮಾನ್ಯ ವರ್ಗದವರಿಗೆ ಭೌತ, ರಸಾಯನ, ಜೀವಶಾಸ್ತ್ರ ಸೇರಿ ಶೇ. 50. ಮೂರರಲ್ಲೂ 35, 40 ಪಡೆದು ಪಾಸಾದ ಹುಡುಗ ಮನೆಯಲ್ಲಿ ಸಿಹಿ ಹಂಚಿ, ಸೀಟು ಹಂಚಿಕೆಯ ಹೊತ್ತಿಗೆ ಅನರ್ಹನೆಂದು ತಿಳಿದು ಕೂರುವಂತಾಗಬಾರದು. ಅಂಥವರು ಪಾಸಾಗಿದ್ದರೂ ಪರೀಕ್ಷೆ-2 ಬರೆಯಲೇಬೇಕು.

ಅರ್ಹತೆ ಇದ್ದವರಿಗೂ ಪರೀಕ್ಷೆ-2ರಿಂದ ಲಾಭವಿದೆ, ಎಷ್ಟು ಎಂಬುದನ್ನು ಲೆಕ್ಕ ಹಾಕಿಯೇ ನಿರ್ಧರಿಸಬಹುದು. ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಪಿಯುಸಿಯ ಮೂರು ವಿಷಯಗಳ ಅಂಕಕ್ಕೆ ಅರ್ಧ ಪಾಲು, ಸಿಇಟಿಯ 180 ಅಂಕಕ್ಕೆ ಅರ್ಧ ಪಾಲು. ಪಿಯುಸಿಯಲ್ಲಿ 300ಕ್ಕೆ 240, ಸಿಇಟಿಯಲ್ಲಿ 180ಕ್ಕೆ 90 ಬಂದವರಿಗೆ ಶೇ. 80 ಮತ್ತು ಶೇ. 50ರ ಸರಾಸರಿ, 65. ಪರೀಕ್ಷೆ-2ರಲ್ಲಿ ಪಿಯುಸಿ ಅಂಕ 255ಕ್ಕೆ ಏರಿದರೆ ಸರಾಸರಿ 67.5. ಸಿಇಟಿಯಲ್ಲಿ 9 ಪ್ರಶ್ನೆ ಹೆಚ್ಚು ಸರಿ ಮಾಡಿದ್ದಕ್ಕೆ ಇದು ಸಮ. ಸಿಇಟಿ ಮುಗಿದ ಮೇಲೆ ಅದರಲ್ಲಿ ಒಂದು ಅಂಕವನ್ನೂ ಏರಿಸಲಾಗದು, ಪಿಯುಸಿಯದನ್ನು ಏರಿಸಬಹುದು. ಹಾಗೆಯೇ ಪರೀಕ್ಷೆ-1ರಲ್ಲಿ ಒಂದು ವಿಷಯ ಉಳಿಯಿತು ಎಂದು ಸಿಇಟಿಗೆ ಹೋಗದೆ ಕೂರುವುದು ತಪ್ಪು. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಆ ವರ್ಷ ಅದು ಇರುವುದು ಒಂದೇ ಸಲ. ಬರೆದಿಟ್ಟರೆ ಆಮೇಲೆ ಪಾಸಾದಾಗ ಕೈಯಲ್ಲಿ ಅದರ ಅಂಕವಿರುತ್ತದೆ. ಮುಂದಿನ ಪರೀಕ್ಷೆಯ ಅಂಕಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ದಾಖಲಿಸಲು ಬರುವ ಪ್ರಕಟಣೆಯನ್ನು ಮಾತ್ರ ದಿನವೂ ನೋಡುತ್ತಿರಬೇಕು.

ಆಪ್ಷನ್ ಎಂಟ್ರಿಯಲ್ಲಿ ಆಗುವ ತಪ್ಪುಗಳು

ಆಪ್ಷನ್ ಎಂಟ್ರಿ ಎಂದರೆ ಸಿಇಟಿಯ ನಂತರ ಬೇಕಾದ ಕಾಲೇಜು, ಕೋರ್ಸುಗಳ ಪಟ್ಟಿಯನ್ನು ಜಾಲತಾಣದಲ್ಲಿ ತುಂಬುವುದು. ಸೀಟು ಹಂಚಿಕೆಯ ಯಂತ್ರ ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿ, ಸಿಗುವ ಮೊದಲನೆಯದನ್ನು ಕೊಡುತ್ತದೆ. ಹಾಗಾಗಿ ‘ನನಗೆ ಸಿಗಬಹುದಾದದ್ದು’ ಎಂಬ ಕ್ರಮದಲ್ಲಿ ಬರೆಯದೆ ‘ನನಗೆ ಬೇಕಾದದ್ದು’ ಎಂಬ ಕ್ರಮದಲ್ಲಿ ಬರೆಯಬೇಕು. ಸಿಗದ ಕಾಲೇಜನ್ನು ಮೇಲೆ ಹಾಕಿದ್ದರಿಂದ ಕೆಳಗಿನದು ತಪ್ಪುವುದಿಲ್ಲ. ಹತ್ತು ಹೆಸರು ಹಾಕಿ ನಿಲ್ಲಿಸುವುದೇ ದೊಡ್ಡ ತಪ್ಪು. ಕೊನೆಗೆ ಯಾವುದೂ ಸಿಗದೆ ಖಾಸಗಿಯವರ ಮುಂದೆ ಕೈಚಾಚುವವರು ಇವರೇ. ಅಣಕು ಹಂಚಿಕೆ ಬಂದ ಮೇಲೆ ಕ್ರಮ ಬದಲಿಸಲು ಅವಕಾಶವಿರುತ್ತದೆ, ಅದನ್ನು ಬಳಸಿಕೊಳ್ಳಬೇಕು.

ಸೀಟು ಬಂದ ಮೇಲೆ ನಾಲ್ಕು ಚಾಯ್ಸ್. ಮೊದಲನೆಯದು ಒಪ್ಪಿ ಸೇರುವುದು. ಎರಡನೆಯದು ಇದನ್ನು ಇಟ್ಟುಕೊಂಡು ಮುಂದಿನ ಸುತ್ತಿಗೆ ಕಾಯುವುದು. ಮೂರನೆಯದು ಇದನ್ನು ಬಿಟ್ಟು ಕಾಯುವುದು. ನಾಲ್ಕನೆಯದು ಹೊರಬರುವುದು. ತೊಂದರೆ ಆಗುವುದು ಎರಡನೆಯದರಲ್ಲಿ. ಮುಂದಿನ ಸುತ್ತಿನಲ್ಲಿ ನಿಮ್ಮ ಪಟ್ಟಿಯ ಮೇಲಿನ ಹೆಸರೊಂದು ಸಿಕ್ಕರೆ ಈಗಿನ ಸೀಟು ತಾನಾಗಿ ಕೈಬಿಡುತ್ತದೆ. ಸುರತ್ಕಲ್ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರಬಹುದಾದ ಕಾಲೇಜು ಸಿಕ್ಕಿ, ಮನೆಯವರಿಗೆ ಸಮಾಧಾನವಾಗಿದೆ ಎನ್ನಿ. ಪಟ್ಟಿಯಲ್ಲಿ ಅದರ ಮೇಲೆ ಎಂದೋ ಬರೆದಿದ್ದ ಬೆಂಗಳೂರಿನ ಕಾಲೇಜು ಹಾಗೆಯೇ ಇದ್ದರೆ, ಹಾಸ್ಟೆಲ್ ಖರ್ಚು ಭರಿಸಲಾಗದ ಸೀಟು ತಲೆಗೆ ಬೀಳುತ್ತದೆ. ಚಾಯ್ಸ್ ಎರಡು ಒತ್ತುವವರು ಮುಂದಿನ ಸುತ್ತಿಗೆ ಮೊದಲು ಈಗ ಬೇಡವಾದ ಎಲ್ಲ ಮೇಲಿನ ಹೆಸರುಗಳನ್ನೂ ಅಳಿಸಬೇಕು.

ಮೀಸಲಾತಿಯ ಕಾಗದಗಳ ವಿಷಯದಲ್ಲಿ ಕರಾವಳಿಯವರು ಎರಡನ್ನು ಮರೆಯುತ್ತಾರೆ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಕೋಟಾ ಶೇ. 15, ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮವಾದರೆ ಶೇ. 5. ಶಾಲೆಯ ಮುಖ್ಯಸ್ಥರ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಸಹಿ ಬೇಕು. ಪ್ರಾಥಮಿಕ ಒಂದು ಶಾಲೆ, ಪ್ರೌಢ ಇನ್ನೊಂದು ಶಾಲೆಯಾದರೆ ಎರಡೂ ಕಡೆ ಓಡಬೇಕು. ಮಕ್ಕಳಿಲ್ಲದೆ ಮುಚ್ಚಿಹೋದ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಓದಿದವರು ಅದರ ದಾಖಲೆ ಈಗ ಎಲ್ಲಿದೆ ಎಂದು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲೇ ಕೇಳಬೇಕು. ಇದು ಒಂದು ದಿನದ ಕೆಲಸವಲ್ಲ, ಫಲಿತಾಂಶಕ್ಕೆ ಮೊದಲೇ ಮಾಡಿಡಬೇಕು. ಜಾತಿ, ಆದಾಯ ಪ್ರಮಾಣಪತ್ರಗಳ ಮೇಲೆ ಅಚ್ಚಾಗಿರುವ ಆರ್‌ಡಿ ಸಂಖ್ಯೆ ನಮೂದಿಸಿದಾಗ ತೆರೆಯ ಮೇಲೆ ಬರುವ ಹೆಸರು ವಿದ್ಯಾರ್ಥಿಯದೇ ಆಗಿರಬೇಕು. ಅಪ್ಪನ ಹೆಸರಿನ ಪತ್ರ ಹಾಕಿ ಸಿಕ್ಕಿಬೀಳುವವರು ಪ್ರತಿ ವರ್ಷ ಇದ್ದಾರೆ. ಆದಾಯ ಪತ್ರಕ್ಕೆ ಇನ್ನೊಂದು ಉಪಯೋಗವೂ ಇದೆ: ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹೆಚ್ಚುವರಿಯಾಗಿರುವ ಶೇ. 5 ಸೂಪರ್ ನ್ಯೂಮರರಿ ಸೀಟುಗಳಲ್ಲಿ ಬೋಧನಾ ಶುಲ್ಕ ಇರುವುದಿಲ್ಲ.

ಹತ್ತರ ನಂತರ, ಸೈನ್ಸ್ ಬಿಟ್ಟರೆ

ಪಾಸಾದ ಆದರೆ ಅಂಕ ಕಡಿಮೆಯಿರುವ ಹುಡುಗನನ್ನು ‘ಹೇಗೂ ಮ್ಯಾನೇಜ್ ಮಾಡುತ್ತಾನೆ’ ಎಂದು ಪಿಸಿಎಂಬಿಗೆ ಸೇರಿಸುವುದು ನಮ್ಮಲ್ಲಿ ನಡೆಯುವ ದುಬಾರಿ ತಪ್ಪು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ 45 ತೆಗೆದವನಿಗೆ ಪ್ರಥಮ ಪಿಯುಸಿಯ ತ್ರಿಕೋನಮಿತಿ, ಆಮೇಲೆ ಕಲನಶಾಸ್ತ್ರ ಗೋಡೆಯಾಗಿ ನಿಲ್ಲುತ್ತವೆ. ಅದೇ ಹುಡುಗನಿಗೆ ಕೈಕೆಲಸದಲ್ಲಿ ಆಸಕ್ತಿಯಿದ್ದರೆ ಡಿಪ್ಲೊಮಾ ಒಳ್ಳೆಯದು. ಕದ್ರಿ ಗುಡ್ಡದ ಕರ್ನಾಟಕ ಪಾಲಿಟೆಕ್ನಿಕ್ 1946ರದು. ಬೊಂದೆಲ್‌ನಲ್ಲಿ ಹೆಣ್ಣುಮಕ್ಕಳಿಗಾಗಿಯೇ ಸರ್ಕಾರಿ ಪಾಲಿಟೆಕ್ನಿಕ್ ಇದೆ. ಮೂರು ವರ್ಷ ಮುಗಿಸಿ, ಡಿಪ್ಲೊಮಾದವರಿಗಿರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದರೆ ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೇ ಪ್ರವೇಶ. ಪಿಯುಸಿ ದಾರಿಯಲ್ಲಿ ಎಂಜಿನಿಯರ್ ಆಗಲು 2+4 ವರ್ಷ, ಈ ದಾರಿಯಲ್ಲಿ 3+3. ಕಾಲ ಒಂದೇ, ನಡುವೆ ಕೆಲಸಕ್ಕೆ ಬರುವ ಒಂದು ಡಿಪ್ಲೊಮಾ ಕೈಯಲ್ಲಿರುತ್ತದೆ. ಎರಡು ವರ್ಷದ ಐಟಿಐ ಮುಗಿಸಿದವರಿಗೂ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಸೇರುವ ಬಾಗಿಲಿದೆ. ಬೈಕಂಪಾಡಿಯ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಟೂಲ್ ಅಂಡ್ ಡೈ ಡಿಪ್ಲೊಮಾ ಮೂರು ವರ್ಷದ ಕಲಿಕೆ, ಒಂದು ವರ್ಷದ ಕಾರ್ಖಾನೆ ತರಬೇತಿ. ಪಣಂಬೂರು ಬಂದರು, ಎಂಆರ್‌ಪಿಎಲ್, ಮಲ್ಪೆಯ ಹಡಗುಕಟ್ಟೆ ಇರುವ ಕರಾವಳಿಯಲ್ಲಿ ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್‌ಗೆ ಮನೆಯ ಹತ್ತಿರವೇ ಕೆಲಸದ ಜಾಗಗಳಿವೆ. ಇಷ್ಟಿದ್ದೂ ಐಟಿಐಗೆ ಸೇರಿದ್ದನ್ನು ಹೆತ್ತವರು ತಗ್ಗಿದ ದನಿಯಲ್ಲಿ ಹೇಳುತ್ತಾರೆ.

ಕಾಮರ್ಸ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯ, ಕರ್ಣಾಟಕ ಬ್ಯಾಂಕುಗಳು ಹುಟ್ಟಿದ ನೆಲವಿದು. ಲೆಕ್ಕಪತ್ರ ಇಲ್ಲಿ ಪರಕೀಯವಲ್ಲ.

ಪಿಯುಸಿ ವಿಜ್ಞಾನ ಮುಗಿಸಿ ವೈದ್ಯಕೀಯ ಸಿಗದವರಿಗೆ ಮನೆಯ ಪಕ್ಕದಲ್ಲೇ ಇರುವ, ಆದರೂ ಕಣ್ಣಿಗೆ ಬೀಳದ ಒಂದು ಕೋರ್ಸ್ ಮಂಗಳೂರಿನ ಮೀನುಗಾರಿಕಾ ಕಾಲೇಜಿನ ನಾಲ್ಕು ವರ್ಷದ ಪದವಿ. 1969ರಲ್ಲಿ ಶುರುವಾದ ಈ ಕಾಲೇಜು ಈ ಬಗೆಯದರಲ್ಲಿ ದೇಶದಲ್ಲೇ ಮೊದಲನೆಯದು. ಪ್ರವೇಶ ಸಿಇಟಿ ಮೂಲಕ. ಆ ಕೋರ್ಸಿನ ಕೋಡನ್ನು ಆಪ್ಷನ್ ಪಟ್ಟಿಯಲ್ಲಿ ಸೇರಿಸಿದರೆ ಮಾತ್ರ ಸಿಗುತ್ತದೆ. ನರ್ಸಿಂಗ್ ಸೇರುವವರು ಕಾಲೇಜಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಇದೆಯೇ, ಅಥವಾ ಅದು ಮಾನ್ಯ ಡೀಮ್ಡ್ ವಿಶ್ವವಿದ್ಯಾಲಯದ್ದೇ ಎಂದು ಮೊದಲು ನೋಡಬೇಕು. ಪ್ಯಾರಾಮೆಡಿಕಲ್ ಡಿಪ್ಲೊಮಾಕ್ಕೆ ರಾಜ್ಯ ಪ್ಯಾರಾಮೆಡಿಕಲ್ ಮಂಡಳಿಯ ಪಟ್ಟಿ ನೋಡಬೇಕು. ಬಸ್ ನಿಲ್ದಾಣದ ಬಳಿ ಮಹಡಿಯಲ್ಲಿ ಕಚೇರಿ ತೆರೆದು, ದೂರದ ರಾಜ್ಯದ ವಿಶ್ವವಿದ್ಯಾಲಯದ ಹೆಸರಿನಲ್ಲಿ ‘ಇಂದೇ ಸೇರಿದರೆ ರಿಯಾಯಿತಿ’ ಎನ್ನುವವರ ಮುಂದೆ ಕೇಳಬೇಕಾದ ಪ್ರಶ್ನೆ ಒಂದೇ: ಅಂಕಪಟ್ಟಿ ಕೊಡುವವರು ಯಾರು? ಉತ್ತರವಾಗಿ ಬಂದ ಹೆಸರನ್ನು ಆಯಾ ಮಂಡಳಿಯ ಜಾಲತಾಣದಲ್ಲಿ ನೀವೇ ಹುಡುಕಿ. ಅವರು ತೋರಿಸುವ ಚೌಕಟ್ಟು ಹಾಕಿದ ಪತ್ರ ನೋಡಿ ನಂಬಬೇಡಿ.

ಬಿಎ, ಬಿಕಾಂ, ಬಿಎಸ್ಸಿ ಈಗ ಮತ್ತೆ ಮೂರು ವರ್ಷದ್ದು. ನಾಲ್ಕು ವರ್ಷದ ಕ್ರಮವನ್ನು ರಾಜ್ಯ ಸರ್ಕಾರ 2024ರಲ್ಲಿ ಕೈಬಿಟ್ಟಿತು. ಹಂಪನಕಟ್ಟೆಯ ವಿಶ್ವವಿದ್ಯಾನಿಲಯ ಕಾಲೇಜು, ರಥಬೀದಿಯ ಸರ್ಕಾರಿ ಕಾಲೇಜು, ಉಡುಪಿ ಅಜ್ಜರಕಾಡಿನ ಡಾ. ಜಿ. ಶಂಕರ್ ಸರ್ಕಾರಿ ಮಹಿಳಾ ಕಾಲೇಜುಗಳಲ್ಲಿ ಶುಲ್ಕ ಖಾಸಗಿಯವುಗಳಿಗೆ ಹೋಲಿಸಿದರೆ ಬಹಳ ಕಡಿಮೆ. ಕಾಲೇಜು ಆರಿಸುವಾಗ ಬಸ್ಸಿನ ಲೆಕ್ಕವನ್ನೂ ಸೇರಿಸಿ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ಹೆಚ್ಚಿನ ರೂಟುಗಳಲ್ಲಿ ಓಡುವುದು ಖಾಸಗಿ ಬಸ್ಸು. ಎರಡು ಬಸ್ ಬದಲಿಸುವ ಹುಡುಗಿಗೆ ಮೂರು ವರ್ಷದ ಟಿಕೆಟ್ ಖರ್ಚು ಕಾಲೇಜಿನ ಶುಲ್ಕವನ್ನೇ ಮೀರಬಹುದು.

ಹಣದ ಕಾಗದಗಳು

ಬೀಡಿ ಕಟ್ಟುವ ತಾಯಂದಿರಿರುವ ಮನೆಗಳು ಈ ಎರಡೂ ಜಿಲ್ಲೆಗಳಲ್ಲಿ ಬಹಳ. ಕೇಂದ್ರ ಕಾರ್ಮಿಕ ಸಚಿವಾಲಯ ಅವರ ಮಕ್ಕಳಿಗೆ ಒಂದನೇ ತರಗತಿಯಿಂದ ವೃತ್ತಿಪರ ಕೋರ್ಸಿನವರೆಗೆ ವರ್ಷಕ್ಕೆ 1,000ದಿಂದ 25,000 ರೂಪಾಯಿಯವರೆಗೆ ವಿದ್ಯಾರ್ಥಿವೇತನ ಕೊಡುತ್ತದೆ. ಅರ್ಜಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ. ಬೇಕಾದ ಮುಖ್ಯ ಕಾಗದ ತಾಯಿಯ ಬೀಡಿ ಕಾರ್ಮಿಕರ ಗುರುತಿನ ಚೀಟಿ. ಅಮ್ಮ ಇಪ್ಪತ್ತು ವರ್ಷ ಬೀಡಿ ಕಟ್ಟಿದ್ದರೂ ಚೀಟಿ ಮಾಡಿಸದಿದ್ದರೆ ಮಗಳಿಗೆ ಹಣ ಬರುವುದಿಲ್ಲ. ಹತ್ತನೇ ತರಗತಿಯಲ್ಲಿರುವಾಗಲೇ ಮಾಡಿಸಿಡಿ. ಕೃಷಿಕರ ಮಕ್ಕಳು ರೈತ ವಿದ್ಯಾನಿಧಿ ಆ ವರ್ಷ ಇದೆಯೇ ಎಂದು ವಿಚಾರಿಸಬೇಕು: ಪಿಯುಸಿ, ಐಟಿಐ, ಡಿಪ್ಲೊಮಾದ ಹುಡುಗರಿಗೆ 2,500, ಹುಡುಗಿಯರಿಗೆ 3,000, ಪದವಿಗೆ 5,000 ಮತ್ತು 5,500. ಪಿಯುಸಿಯಲ್ಲಿ ಉತ್ತಮ ಅಂಕ ಪಡೆದು ಕುಟುಂಬದ ಆದಾಯ ನಾಲ್ಕೂವರೆ ಲಕ್ಷ ಮೀರದವರು ಪದವಿಗೆ ವರ್ಷಕ್ಕೆ 12,000 ರೂಪಾಯಿಯ ಕೇಂದ್ರ ವಿದ್ಯಾರ್ಥಿವೇತನಕ್ಕೂ ಅರ್ಜಿ ಹಾಕಬಹುದು. ಉಳಿದ ರಾಜ್ಯ ವಿದ್ಯಾರ್ಥಿವೇತನಗಳು ಎಸ್‌ಎಸ್‌ಪಿ ಪೋರ್ಟಲಿನಲ್ಲಿ.

ಅರ್ಜಿ ತಿರಸ್ಕೃತವಾಗುವುದು ಹೆಚ್ಚಾಗಿ ಹೆಸರಿನಿಂದ. ನಮ್ಮಲ್ಲಿ ಅಂಕಪಟ್ಟಿಯಲ್ಲಿ ಬರೀ ಹೆಸರು, ಆಧಾರ್‌ನಲ್ಲಿ ಹೆಸರಿನ ಮುಂದೆ ಶೆಟ್ಟಿ, ಪೂಜಾರಿ, ಆಚಾರ್ಯ, ಡಿಸೋಜ. ಇಲ್ಲವೇ ಒಂದರಲ್ಲಿ ಇನಿಶಿಯಲ್ ಹಿಂದೆ, ಇನ್ನೊಂದರಲ್ಲಿ ಮುಂದೆ. ತಿದ್ದುವುದಾದರೆ ಆಧಾರನ್ನು ಅಂಕಪಟ್ಟಿಗೆ ಸರಿಯಾಗಿ ತಿದ್ದಿ. ಅಂಕಪಟ್ಟಿ ತಿದ್ದಲು ಹೊರಟರೆ ತಿಂಗಳುಗಳು ಹೋಗುತ್ತವೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿದ್ದರೆ ಸಾಲದು, ನೇರ ನಗದು ವರ್ಗಾವಣೆಗೆ ಆ ಖಾತೆಯೇ ಮ್ಯಾಪ್ ಆಗಿದೆಯೇ ಎಂದು ಶಾಖೆಯಲ್ಲಿ ಕೇಳಬೇಕು.

ಶುಲ್ಕ ಕಟ್ಟಿ ಸೀಟು ಬಿಡಬೇಕಾದವರಿಗೆ ಒಂದು ಮಾತು. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ಅಧಿಸೂಚನೆಯಂತೆ ಪದವಿ ಕಾಲೇಜುಗಳು ಮೂಲ ಅಂಕಪಟ್ಟಿಯನ್ನು ಇಟ್ಟುಕೊಳ್ಳುವಂತಿಲ್ಲ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಮೊದಲು ಬಿಟ್ಟರೆ ಸಣ್ಣ ಸಂಸ್ಕರಣಾ ವೆಚ್ಚ ಬಿಟ್ಟು ಪೂರ್ತಿ ಹಣ, ಆಮೇಲೆ ಕೊನೆಯ ದಿನದೊಳಗೆ ಶೇ. 90, ಅದು ಕಳೆದು 15 ದಿನದೊಳಗೆ ಶೇ. 80, ಒಂದು ತಿಂಗಳೊಳಗೆ ಅರ್ಧ ವಾಪಸು ಬರಬೇಕು. ಇದು ಪಿಯು ಕಾಲೇಜಿಗೆ, ಕೋಚಿಂಗ್ ಕೇಂದ್ರಕ್ಕೆ ಅನ್ವಯವಾಗದು. ಫಲಿತಾಂಶದ ವಾರದಲ್ಲಿ ಎರಡು ವರ್ಷದ ಕೋಚಿಂಗ್ ಹಣ ಒಟ್ಟಿಗೆ ಕಟ್ಟಬೇಡಿ ಎನ್ನಲು ಇದೇ ಕಾರಣ. ಕಂತು ಕೇಳಿ, ಪ್ರತಿಯೊಂದಕ್ಕೂ ರಸೀದಿ ಪಡೆಯಿರಿ.

ಕೊನೆಗೆ ಪಿಯು ಕಾಲೇಜುಗಳು ಗಮನಿಸಬೇಕಾದ ಒಂದು ದಿನಾಂಕ. 2025ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ-2ರ ಫಲಿತಾಂಶ ಬಂದದ್ದು ಜೂನ್ 13ಕ್ಕೆ. ತರಗತಿಗಳು ಜೂನ್ ಮೊದಲ ವಾರದಲ್ಲೇ ಆರಂಭವಾಗಿದ್ದವು. ಆ ಮಕ್ಕಳು ಬಂದು ಕೂರುವಾಗ ಲೆಕ್ಕಶಾಸ್ತ್ರದ ಜಮಾ-ಖರ್ಚಿನ ಮೂಲ ನಿಯಮಗಳು ಮುಗಿದಿರುತ್ತವೆ, ಮುಂದಿನದು ಅರ್ಥವಾಗುವುದಿಲ್ಲ, ಮೊದಲ ಕಿರುಪರೀಕ್ಷೆಯಲ್ಲಿ ಮತ್ತೆ ಫೇಲು. ಪ್ರತಿ ವಿಷಯಕ್ಕೆ ನಾಲ್ಕು ಹೆಚ್ಚುವರಿ ತರಗತಿ, ಶನಿವಾರ ಮಧ್ಯಾಹ್ನ, ಜುಲೈ ಮೊದಲ ವಾರದೊಳಗೆ ಮುಗಿಯುವಂತೆ ಇಟ್ಟರೆ ಈ ಅಂತರ ತುಂಬುತ್ತದೆ. ಹಾಜರಿ ಕರೆಯುವಾಗ ಅವರ ಹೆಸರನ್ನು ಪುಸ್ತಕದ ಕೊನೆಯಲ್ಲಿ ಬೇರೆ ಪಟ್ಟಿಯಾಗಿ ಬರೆಯದೆ ಅಕ್ಷರಾನುಕ್ರಮದಲ್ಲಿ ಎಲ್ಲರೊಡನೆ ಸೇರಿಸಿ.